ಮೂರೇ ಡಿಗ್ರಿ ಇಳಿಜಾರು, ಜಾರುತ್ತಾ?

ಸಮುದ್ರತಳದ ಇಳಿಜಾರಿನ ಮೇಲೆ ಒಂದು ಪೈಪ್‌ಲೈನ್ ಹೋಗಬೇಕಿತ್ತು. ಅಲ್ಲಿನ ಮಣ್ಣು ಜಾರುತ್ತದೋ ಇಲ್ಲವೋ ಹೇಳುವುದು ನನ್ನ ಕೆಲಸ. ಈ ಕ್ಷೇತ್ರದಲ್ಲಿ ಅದು ನನಗೆ ಮೊದಲ ದೊಡ್ಡ ಕೆಲಸ. ನೀರಿನ ಆಳ ಸುಮಾರು 600 ಮೀಟರ್, ಇಳಿಜಾರು 3 ಡಿಗ್ರಿ. ಅಂದರೆ ನೂರು ಹೆಜ್ಜೆ ನಡೆದರೆ ಐದು ಹೆಜ್ಜೆ ಕೆಳಗೆ, ಅಷ್ಟೇ. ಎಷ್ಟೋ ರಸ್ತೆಗಳು ಇದಕ್ಕಿಂತ ಕಡಿದಾಗಿರುತ್ತವೆ. ಒಂದೂವರೆ ದಿನದಲ್ಲಿ ಲೆಕ್ಕ ಮುಗಿಸಿ 'ಏನೂ ಆಗಲ್ಲ' ಎಂದು ಬರೆದುಬಿಟ್ಟೆ.

ಮೊದಲು ನೋಡಿದ್ದು ಮಲ್ಟಿಬೀಮ್ ಸೋನಾರ್, ಅಂದರೆ ಹಡಗಿನಿಂದ ಶಬ್ದ ಕಳಿಸಿ ತಳದ ಆಳ ಅಳೆಯುವ ಉಪಕರಣ, ಕೊಟ್ಟ ನಕ್ಷೆ. ಹಿಂದೆ ಎಲ್ಲಾದರೂ ಜಾರಿದ್ದರೆ ಅಲ್ಲಿ ಕುದುರೆ ಲಾಳದಂತೆ ಬಾಗಿದ ಅಂಚು, ಅದರ ಕೆಳಗೆ ಉಬ್ಬುತಗ್ಗಿನ ಗುಪ್ಪೆಗಳು ಕಾಣುತ್ತವೆ. ನನಗೂ ಒಂದು ಉದ್ದನೆಯ ಅಂಚು ಕಂಡಿತು. ಖುಷಿಯಿಂದ ಕೆಂಪು ಗೆರೆ ಎಳೆದೆ. ಆಮೇಲೆ ನೋಡಿದರೆ ಅದು ಹಡಗು ಸಾಗಿದ ದಿಕ್ಕಿನಲ್ಲೇ ನೇರವಾಗಿತ್ತು! ನೀರಿನಲ್ಲಿ ಶಬ್ದದ ವೇಗ ಬದಲಾಗಿದ್ದನ್ನು ಸರಿಯಾಗಿ ಅಳೆಯದಿದ್ದರೆ ಸೋನಾರ್ ಪಟ್ಟಿಯ ಎರಡೂ ಅಂಚುಗಳು ಬಾಗಿಕೊಳ್ಳುತ್ತವೆ. ಅಡ್ಡಲಾಗಿ ಓಡಿಸಿದ ಇನ್ನೊಂದು ಸಾಲಿನಲ್ಲಿ ಆ ಅಂಚು ಇರಲೇ ಇಲ್ಲ. ಅಂದಿನಿಂದ ಅಡ್ಡ ಸಾಲು ನೋಡದೆ ನಾನು ಯಾವ ಗೆರೆಯನ್ನೂ ಎಳೆಯುವುದಿಲ್ಲ.

ತಳದ ಕೆಳಗಿನ ಪದರಗಳನ್ನು ಶಬ್ದದಿಂದಲೇ ತೋರಿಸುವ ಸಬ್-ಬಾಟಮ್ ಪ್ರೊಫೈಲರ್‌ನ ಚಿತ್ರ ಬೇರೆಯೇ ಕಥೆ ಹೇಳಿತು. ಮೇಲಿನ ಪದರಗಳು ಪುಸ್ತಕದ ಹಾಳೆಗಳಂತೆ ಒಪ್ಪವಾಗಿದ್ದವು. ಅವುಗಳ ಕೆಳಗೆ ಗೆರೆಗಳೇ ಇಲ್ಲದ, ಕಲಸಿದ ಹಿಟ್ಟಿನಂಥ ಒಂದು ಪದರ. ಎಂದೋ ಮೇಲಿನಿಂದ ಜಾರಿ ಬಂದ ಕೆಸರು ಅದು. 3 ಡಿಗ್ರಿಯಲ್ಲಿ ಜಾರುವುದಿಲ್ಲ ಎಂದು ನಾನು ಬರೆದ ಜಾಗದಲ್ಲೇ ಮಣ್ಣು ಹಿಂದೊಮ್ಮೆ ಜಾರಿತ್ತು.

ಇದೇನೂ ವಿಚಿತ್ರವಲ್ಲ. ನಾರ್ವೆಯ ಕರಾವಳಿಯಾಚೆ ಸುಮಾರು 8,150 ವರ್ಷಗಳ ಹಿಂದೆ ಸ್ಟೊರೆಗ್ಗಾ ಎಂಬಲ್ಲಿ 3,000 ಘನ ಕಿಲೋಮೀಟರಿನಷ್ಟು ಮಣ್ಣು ಜಾರಿತು. ಅಲ್ಲಿನ ಸರಾಸರಿ ಇಳಿಜಾರು 1 ಡಿಗ್ರಿಯೂ ಇಲ್ಲ. ಆಗ ಎದ್ದ ಸುನಾಮಿ ತಂದು ಹಾಕಿದ ಮರಳು ಸ್ಕಾಟ್ಲೆಂಡಿನಲ್ಲಿ ಇಂದಿಗೂ ಸಿಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಇಳಿಜಾರಿಗೆ ಅದು ಅನ್ವಯಿಸುವುದಿಲ್ಲ ಅಂದುಕೊಂಡಿದ್ದೆ ನೋಡಿ.

ಈಗ ಲೆಕ್ಕಕ್ಕೆ ಬರೋಣ. ನೀರಿನೊಳಗೆ ಮೆದು ಜೇಡಿಯ ತೂಕ ಘನ ಮೀಟರಿಗೆ 6 ಕಿಲೋನ್ಯೂಟನ್ ಆಸುಪಾಸು. ತಳದಿಂದ 20 ಮೀಟರ್ ಕೆಳಗೆ ಮಣ್ಣಿನ ಕಣಗಳ ಮೇಲೆ 120 ಕಿಲೋಪ್ಯಾಸ್ಕಲ್ ಒತ್ತಡ. ಮಾಮೂಲಿ ಜೇಡಿಗೆ ಜಾರದಂತೆ ತಡೆಯಲು ಅದರ ಕಾಲು ಭಾಗ ಬಲ ಇರುತ್ತದೆ, ಅಂದರೆ 30. ಕೆಳಕ್ಕೆ ಎಳೆಯುವುದು ಸುಮಾರು 6.3. ತಡೆಯುವ ಬಲವನ್ನು ಎಳೆತದಿಂದ ಭಾಗಿಸಿದರೆ ಸುರಕ್ಷಾ ಅಂಕ 4.8. 1.5 ಇದ್ದರೂ ಸಾಕು ಎನ್ನುವವರ ಮುಂದೆ 4.8 ಇಟ್ಟರೆ ಯಾರು ತಾನೇ ಪ್ರಶ್ನೆ ಕೇಳುತ್ತಾರೆ?

ಭೂಕಂಪವನ್ನೂ ಸೇರಿಸಿದ್ದೆ. ಗುರುತ್ವದ ಶೇ 5ರಷ್ಟು ಅಡ್ಡ ತಳ್ಳು ಇಟ್ಟಾಗ 2.4 ಬಂತು. ನಮ್ಮ ತಂಡದ ಹಿರಿಯರೊಬ್ಬರು ಹಾಳೆ ನೋಡಿ, 'ಅಲುಗಾಡುವಾಗ ಮಣ್ಣಿನೊಳಗಿನ ನೀರು ಎಲ್ಲಿಗೆ ಹೋಗುತ್ತೆ?' ಅಂದರು. ಅಷ್ಟೇ ಕೇಳಿದ್ದು. ಎಲ್ಲಿಗೂ ಹೋಗುವುದಿಲ್ಲ, ಮಣ್ಣಿನ ಜೊತೆಗೇ ಅಲುಗುತ್ತದೆ. ತಪ್ಪು ನನಗೆ ತಕ್ಷಣ ಹೊಳೆಯಿತು. ಇಳಿಜಾರಿನಲ್ಲಿ ಎಳೆಯುವುದು ಮುಳುಗಿದ ತೂಕ, ನಿಜ. ಆದರೆ ಭೂಕಂಪ ಅಲುಗಿಸುವುದು ನೀರು ತುಂಬಿದ ಇಡೀ ಮಣ್ಣನ್ನು. ಅಲ್ಲಿ 6 ಅಲ್ಲ, ನೀರೂ ಸೇರಿದ ತೂಕ 16 ಹಾಕಬೇಕು. ತಿದ್ದಿದ ಮೇಲೆ 2.4 ಇದ್ದದ್ದು 1.35ಕ್ಕೆ ಇಳಿಯಿತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಹಡಗಿನಲ್ಲಿ ತೆಗೆದ ಕೋರ್‌ಗಳಲ್ಲಿ, ಅಂದರೆ ಕೊಳವೆ ಇಳಿಸಿ ಎತ್ತಿದ ಮಣ್ಣಿನ ಮಾದರಿಗಳಲ್ಲಿ, ಬಲ ಕಡಿಮೆ ಬಂದಿತ್ತು, 20 ಮೀಟರಿನಲ್ಲಿ 15ರಿಂದ 20. ಅಷ್ಟು ಆಳದಿಂದ ಮೇಲೆತ್ತುವಾಗ ಮಣ್ಣಿನಲ್ಲಿ ಕರಗಿದ ಗ್ಯಾಸ್ ಹೊರಬಂದು ಕೋರ್ ಬಿರಿಯುವುದುಂಟು. ನಮ್ಮವೂ ಬಿರಿದಿದ್ದವು. ಹಾಗಾಗಿ 'ಕೋರ್ ಕೆಟ್ಟಿದೆ' ಎಂದು ಆ ಅಂಕಿಗಳನ್ನು ಬದಿಗಿಟ್ಟು, ಪುಸ್ತಕದ 30 ಹಾಕಿದ್ದೆ. ಕಾರಣ ಸಮಂಜಸವಾಗಿಯೇ ಇತ್ತು. ಆದರೆ ಉತ್ತರ ನನಗೆ ಬೇಕಾದ ಕಡೆಗೇ ವಾಲಿತು ಅಲ್ವಾ?

ಎರಡನೇ ಸಲ ಹೋದಾಗ ಸಮುದ್ರತಳದಲ್ಲೇ ಸಿಪಿಟಿ ಮಾಡಿಸಿದೆವು. ತುದಿಯಲ್ಲಿ ಒತ್ತಡ ಅಳೆಯುವ ಕೋನ್ ಅನ್ನು ಮಣ್ಣಿಗೆ ಒತ್ತುತ್ತಾ ಹೋಗುವುದು. ನಡುವೆ ನಿಲ್ಲಿಸಿ, ಒತ್ತಿದ್ದರಿಂದ ಎದ್ದ ನೀರಿನ ಒತ್ತಡ ಇಳಿಯುವವರೆಗೆ ಸುಮ್ನೆ ಕಾಯಬೇಕು. ಜೇಡಿಯಲ್ಲಿ ಇದಕ್ಕೆ ಗಂಟೆಗಟ್ಟಲೆ ಬೇಕು. ಹಡಗಿನ ಬಾಡಿಗೆ ಲೆಕ್ಕ ಹಾಕುವವರು ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಅಲ್ಲಿ ನೀರಿನ ಸಹಜ ಒತ್ತಡವೇ 6,200 ಕಿಲೋಪ್ಯಾಸ್ಕಲ್. ನಾವು ಹುಡುಕುತ್ತಿದ್ದದ್ದು ಅದರ ಮೇಲಿನ ಐವತ್ತರಷ್ಟನ್ನು, ಶೇಕಡ ಒಂದಕ್ಕೂ ಕಮ್ಮಿ. ಹಾಗಾಗಿ ಕೆಳಗಿಳಿಸುವ ಮುನ್ನ, ಮೇಲೆತ್ತಿದ ನಂತರ, ಎರಡೂ ಸಲ ಉಪಕರಣ ಸೊನ್ನೆಯನ್ನು ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಬೇಕು. ಇಲ್ಲದಿದ್ದರೆ ನೀವು ಅಳೆದದ್ದು ಬರೀ ಉಪಕರಣದ ದೋಷ.

ನೀರಿನ ಒತ್ತಡದ ಗೆರೆ ಇಳಿಯುತ್ತಾ ಬಂದು ಸಹಜಕ್ಕಿಂತ 48 ಕಿಲೋಪ್ಯಾಸ್ಕಲ್ ಮೇಲೆ ನಿಂತಿತು. ಮೇಲಿಂದ ಕೆಸರು ಬೇಗ ಬೇಗ ಬಂದು ಕೂತಿದೆ, ಒಳಗಿನ ನೀರಿಗೆ ಹೊರಬರಲು ಪುರುಸೊತ್ತೇ ಸಿಕ್ಕಿಲ್ಲ. ಮೇಲಿನ ಭಾರದಲ್ಲಿ ಒಂದು ಪಾಲನ್ನು ನೀರೇ ಹೊತ್ತಿದೆ. ಕಣಗಳ ಪಾಲಿಗೆ ಬಂದದ್ದು 120 ಅಲ್ಲ, 72. ಅದರ ಕಾಲು ಭಾಗ 18. ನಾನು ಎತ್ತಿಟ್ಟ ಕೋರ್‌ಗಳು ಹೇಳಿದ್ದೂ ಅದನ್ನೇ! ಸುಮ್ಮನಿದ್ದರೆ ಇಳಿಜಾರಿನ ಅಂಕ 2.9, ಪರವಾಗಿಲ್ಲ. ಭೂಕಂಪ ಬಂದರೆ 0.8. ಒಂದಕ್ಕಿಂತ ಕಡಿಮೆಯಾದರೆ ಮಣ್ಣು ಆ ಕ್ಷಣವೇ ಹರಿದುಹೋಗುತ್ತದೆ ಎಂದಲ್ಲ. ಭೂಕಂಪದ ತಳ್ಳು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಎಷ್ಟು ದೂರ ಸರಿಯುತ್ತದೆ, ಸರಿಯುತ್ತಾ ಮಣ್ಣು ಎಷ್ಟು ಮೆದುವಾಗುತ್ತದೆ ಎಂಬುದಕ್ಕೆ ಬೇರೆಯೇ ಲೆಕ್ಕ ಬೇಕು. ನಮ್ಮ ಜೇಡಿ ಒಮ್ಮೆ ಕಲಕಿದರೆ ಬಹಳ ಮೆದುವಾಗುವ ಜಾತಿಯದು. ಲೆಕ್ಕದ ಫಲವೂ ಚೆನ್ನಾಗಿರಲಿಲ್ಲ.

ಪೈಪಿನ ಕೆಳಗಿನ ಮಣ್ಣು ನಿಂತರಷ್ಟೇ ಸಾಲದು, ಮೇಲಿಂದ ಏನು ಬರುತ್ತದೆ ಎಂದೂ ನೋಡಬೇಕು. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲ್ಯಾಂಡಿನಾಚೆ ಭೂಕಂಪವಾಗಿ ಗ್ರ್ಯಾಂಡ್ ಬ್ಯಾಂಕ್ಸ್ ಇಳಿಜಾರು ಜಾರಿತು. ಮೇಲ್ಭಾಗದ ಟೆಲಿಗ್ರಾಫ್ ಕೇಬಲ್‌ಗಳು ಕೂಡಲೇ ಕಡಿದವು. ದೂರದವು ಒಂದಾದ ಮೇಲೊಂದು, ಕೊನೆಯದು 13 ಗಂಟೆಗೂ ಮೇಲೆ. ಒಟ್ಟು 12. ಕೆಸರಿನ ಪ್ರವಾಹ ಎಷ್ಟು ವೇಗವಾಗಿ, ಎಷ್ಟು ದೂರ ಹೋಗಬಹುದು ಎಂದು ಜನರಿಗೆ ಗೊತ್ತಾದದ್ದು ಆ ಕಡಿದ ಹೊತ್ತುಗಳಿಂದಲೇ.

ಕೊನೆಗೆ ಪೈಪಿನ ದಾರಿಯನ್ನು ಎರಡು ಕಣಿವೆಗಳ ನಡುವಿನ ದಿಬ್ಬಕ್ಕೆ ಸರಿಸಿದೆವು. ಅಲ್ಲಿ ಕೆಸರು ಕಡಿಮೆ ಕೂತಿತ್ತು, ಮಣ್ಣು ಗಟ್ಟಿಯಾಗಿತ್ತು. ದಾರಿ ಉದ್ದವಾಯಿತು, ಗೊಣಗಾಟವೂ ಆಯಿತು. ಹಳೆಯ ದಾರಿಯಲ್ಲಿ ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಒಂದು ಪೀಜೋಮೀಟರ್ ನೆಟ್ಟು ಬಂದಿದ್ದೆವು. ವರ್ಷದ ನಂತರ ತೆಗೆದು ನೋಡಿದಾಗ ಆ 48 ಹೆಚ್ಚುಕಡಿಮೆ ಹಾಗೆಯೇ ಇತ್ತು.