ಬಿತ್ತನೆ ಬೀಜಕ್ಕೆ ಅನುದಾನ: ಅರ್ಜಿಗೆ ಮೊದಲು ಲೆಕ್ಕ

ಮಣ್ಣು ಕೆಡಿಸದೆ ಧಾನ್ಯ ಬೆಳೆಯುವ, ತಮ್ಮದೇ ಬಿತ್ತನೆ ಬೀಜ ಮಾಡಿಕೊಳ್ಳುವ ರೈತರ ಗುಂಪುಗಳಿಗೆ ಅನುದಾನದ ದಾರಿಗಳಿವೆ. ಆದರೆ ‘ತಳಿ ಉಳಿಸುತ್ತೇವೆ, ಮಣ್ಣು ಉಳಿಸುತ್ತೇವೆ’ ಎಂಬ ಮಾತಷ್ಟೇ ತುಂಬಿದ ಅರ್ಜಿ ಮುಂದೆ ಹೋಗುವುದು ಕಷ್ಟ. ಎಷ್ಟು ಎಕರೆ, ಎಷ್ಟು ಕಿಲೋ, ಯಾವ ತಿಂಗಳು ಅನ್ನೋದು ಅದರಲ್ಲಿ ಇರಲೇಬೇಕು.

ಯಾರ ಹಣ, ಯಾರಿಗೆ?

ಮೊದಲು ನಿಯಮ ಓದಿ. ಜಾಗತಿಕ ಪರಿಸರ ನಿಧಿಯ ‘ಸ್ಮಾಲ್ ಗ್ರಾಂಟ್ಸ್ ಪ್ರೋಗ್ರಾಂ’ (ಸಣ್ಣ ಅನುದಾನಗಳ ಯೋಜನೆ) 1992ರಿಂದ ನಡೆಯುತ್ತಿದೆ. ಅದರ ಹಣ ಸಮುದಾಯ ಸಂಘಗಳಿಗೆ, ಸರ್ಕಾರೇತರ ಸಂಸ್ಥೆಗಳಿಗೆ. ಆಹಾರ ಬೆಳೆಗಳ ತಳಿ ಸಂಪತ್ತಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಜಾರಿಗೆ ಬಂತು. ಅದರ ‘ಬೆನಿಫಿಟ್ ಶೇರಿಂಗ್ ಫಂಡ್’ (ಲಾಭ ಹಂಚಿಕೆ ನಿಧಿ) ಅಭಿವೃದ್ಧಿಶೀಲ ದೇಶಗಳಲ್ಲಿ ತಳಿ ಉಳಿಸಿ ಬೆಳೆಸುವ ಯೋಜನೆಗಳಿಗೆ ನೆರವಾಗುತ್ತದೆ. ಭತ್ತ, ಗೋಧಿ, ಮೆಕ್ಕೆಜೋಳ, ಜೋಳ, ಸಜ್ಜೆ, ರಾಗಿ ಎಲ್ಲವೂ ಒಪ್ಪಂದದ ಬೆಳೆ ಪಟ್ಟಿಯಲ್ಲಿವೆ. ಸಂಘದ ನೋಂದಣಿ, ಬ್ಯಾಂಕ್ ಖಾತೆ, ಲೆಕ್ಕಪತ್ರ ಸರಿಯಾಗಿಲ್ಲದಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಹಿಂದಿನಿಂದ ಲೆಕ್ಕ ಹಾಕಿ

ನಿಮ್ಮ ಗುಂಪು 200 ಎಕರೆ ಗೋಧಿ ಬಿತ್ತಬೇಕು ಅಂತಿಟ್ಟುಕೊಳ್ಳಿ. ಎಕರೆಗೆ 40 ಕಿಲೋದಂತೆ 80 ಕ್ವಿಂಟಲ್ ಬೀಜ ಬೇಕು. ಬೀಜದ ತಾಕಿನಲ್ಲಿ ಎಕರೆಗೆ 10 ಕ್ವಿಂಟಲ್ ಶುದ್ಧ ಬೀಜ ಬಂದರೆ 8 ಎಕರೆ ಸಾಕು. ಜೊಳ್ಳು, ಮಳೆಯ ನಷ್ಟಕ್ಕೆಂದು ಇನ್ನೆರಡು ಎಕರೆ ಸೇರಿಸಿ. ಈ ನಾಲ್ಕು ಸಾಲು ಅರ್ಜಿಯಲ್ಲಿದ್ದರೆ ಕೇಳುವ ಮೊತ್ತಕ್ಕೆ ಕಾರಣ ತಾನಾಗೇ ಕಾಣುತ್ತದೆ.

ಬೆಳೆ ಬದಲಾದರೆ ಜಾಗದ ಲೆಕ್ಕವೂ ಬದಲಾಗುತ್ತದೆ. ಗೋಧಿ, ಭತ್ತ ತಮ್ಮ ಹೂವಿನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತವೆ. ಹಾಗಾಗಿ ತಳಿ ಬೆರೆಯದಿರಲು ಬೇರೆ ತಳಿಯ ಹೊಲದಿಂದ 3 ಮೀಟರ್ ಅಂತರ ಸಾಕು. ಮೆಕ್ಕೆಜೋಳದ ಪರಾಗವನ್ನು ಗಾಳಿ ಹೊತ್ತೊಯ್ಯುತ್ತದೆ, ಹಾಗಾಗಿ 200 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬೇಕು. ಅಕ್ಕಪಕ್ಕದ ಹೊಲದವರನ್ನು ಮೊದಲೇ ಒಪ್ಪಿಸಿ, ಒಂದು ಒಪ್ಪಿಗೆ ಪತ್ರ ಬರೆಸಿ ಅರ್ಜಿಗೆ ಲಗತ್ತಿಸಿ.

ಕೊಯ್ಲಿನ ನಂತರದ ಖರ್ಚು ಬಿಡಬೇಡಿ

ನನ್ನ ಪ್ರಕಾರ ಇಡೀ ಯೋಜನೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಗೊಬ್ಬರ, ಉಳುಮೆ, ಕೂಲಿ ಎಲ್ಲರಿಗೂ ನೆನಪಾಗುತ್ತದೆ. ಒಣಗಿಸಲು ಟಾರ್ಪಾಲು, ತೇವಾಂಶ ಮಾಪಕ, ಗಾಳಿಯಾಡದ ಡಬ್ಬಿ, ಪ್ರಯೋಗಾಲಯದ ಶುಲ್ಕ ಮರೆತುಹೋಗುತ್ತವೆ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಶೇ 5ರಿಂದ 14ರ ನಡುವೆ ಈ ಲೆಕ್ಕ ನಡೆಯುತ್ತದೆ. ಶೇ 12ಕ್ಕೆ ಇಳಿಸದೆ ಗೋಧಿ ಬೀಜ ಕಟ್ಟಿಟ್ಟರೆ ವರ್ಷದ ದುಡಿಮೆ ಗೋದಾಮಿನಲ್ಲೇ ಹಾಳಾಗಬಹುದು.

ಕೆಲಸ ಆಯಿತು ಅಂತ ತೋರಿಸುವುದು ಹೇಗೆ? ತರಬೇತಿ ಪಡೆದವರ ಪಟ್ಟಿಗಿಂತ ಮೊಳಕೆ ಪರೀಕ್ಷೆ ಗಟ್ಟಿ ಸಾಕ್ಷಿ. ಆರಿಸದೆ, ಕೈಗೆ ಬಂದಂತೆ ತಲಾ 100 ಬೀಜದ ನಾಲ್ಕು ಗುಂಪು ಮಾಡಿ. ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು ಸುತ್ತಿಡಿ, ಒಣಗಲು ಬಿಡಬೇಡಿ. ಗೋಧಿಯಾದರೆ 8ನೇ ದಿನ, ಭತ್ತವಾದರೆ 14ನೇ ದಿನ ಕೊನೆಯ ಎಣಿಕೆ. ಬೇರೂ ಚಿಗುರೂ ಸರಿಯಾಗಿ ಬಂದ ಸಸಿಗಳನ್ನಷ್ಟೇ ಎಣಿಸಬೇಕು, ಸೊಟ್ಟಗಿದ್ದದ್ದು ಲೆಕ್ಕಕ್ಕಿಲ್ಲ. ಮಣ್ಣಿನ ಮಾತಿಗೂ ಹೀಗೇ ಪುರಾವೆ ಬೇಕು: ಬಿತ್ತುವ ಮೊದಲು ಒಮ್ಮೆ, ಯೋಜನೆ ಮುಗಿದಾಗ ಒಮ್ಮೆ ಅದೇ ಜಾಗದ ಮಣ್ಣಿನ ಸಾವಯವ ಇಂಗಾಲ ಪರೀಕ್ಷಿಸಿ. ಮೊದಲಿನ ಅಂಕಿ ಇಲ್ಲದಿದ್ದರೆ ಸುಧಾರಣೆ ತೋರಿಸಲು ಆಗುವುದಿಲ್ಲ, ಅಲ್ವಾ?

ಕಂತು ಮತ್ತು ಹಂಗಾಮು

ಹಣ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ. ಬಿತ್ತನೆ ಕಂತಿಗೆ ಕಾಯುವುದಿಲ್ಲ. ಹಾಗಾಗಿ ತಿಂಗಳ ಪಟ್ಟಿ ಮಾಡಿ: ಮೂಲ ಬೀಜ (ಬೀಜದ ತಾಕಿನಲ್ಲಿ ಬಿತ್ತುವ ಶುದ್ಧ ಬೀಜ) ತರುವುದು, ಬಿತ್ತನೆ, ಹೂ ಬಿಡುವ ಮೊದಲು ಬೆರಕೆ ಗಿಡ ಕೀಳುವುದು, ಕೊಯ್ಲು, ಒಣಗಿಸುವುದು. ಪ್ರತಿಯೊಂದರ ಎದುರು ಬೇಕಾದ ಮೊತ್ತ ಬರೆಯಿರಿ. ಮೂಲ ಬೀಜದ ಹಣ ಮೊದಲ ಕಂತಿನಲ್ಲೇ ಬೇಕು ಎಂದು ಸ್ಪಷ್ಟವಾಗಿ ಕೇಳಿ.

ಅನುದಾನ ಮುಗಿದ ಮೇಲೇನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಮುದಾಯ ಬೀಜ ಬ್ಯಾಂಕುಗಳ ಪದ್ಧತಿ ಇದಕ್ಕೆ ಒಳ್ಳೆಯ ಉತ್ತರ: ಬೀಜ ಪಡೆದವರು ಕೊಯ್ಲಾದ ಮೇಲೆ ಪಡೆದದ್ದಕ್ಕಿಂತ ಸ್ವಲ್ಪ ಹೆಚ್ಚು ಮರಳಿಸುತ್ತಾರೆ. ಎಷ್ಟು ಹೆಚ್ಚು, ಬೆಳೆ ಕೈಕೊಟ್ಟ ವರ್ಷ ಏನು ಮಾಡುವುದು ಎಂದು ಸಭೆಯಲ್ಲಿ ತೀರ್ಮಾನಿಸಿ, ಸಹಿ ಮಾಡಿಸಿದ ಆ ನಡಾವಳಿಯ ಪ್ರತಿಯನ್ನೂ ಅರ್ಜಿಯ ಜೊತೆ ಇಡಿ.