ಎಟಿವಿ ಕ್ಲಚ್ ನೀವೇ ಸೆಟ್ ಮಾಡಿಕೊಳ್ಳುವುದು ಹೇಗೆ

ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿ ಇರೋದು ಯಾವ ಥರದ ಕ್ಲಚ್ ಅಂತ ನೋಡಿಕೊಳ್ಳಿ. ಎಟಿವಿಗಳಲ್ಲಿ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿಗಳಲ್ಲಿ, ಮುಖ್ಯವಾಗಿ ಮೂರು ಥರ ಇವೆ. ಸ್ಪೋರ್ಟ್ ಮಾಡೆಲ್‌ಗಳಲ್ಲಿ ಬೈಕಿನಂತೆ ಎಡಗೈಗೆ ಕ್ಲಚ್ ಲಿವರ್, ಅದರಿಂದ ಎಂಜಿನ್‌ಗೆ ಒಂದು ಕೇಬಲ್. ಕೆಲಸದ ಗಾಡಿಗಳು ಮತ್ತು ಮಕ್ಕಳ ಸಣ್ಣ ಗಾಡಿಗಳಲ್ಲಿ ಸುಮಾರು ಸೆಮಿ ಆಟೋಮ್ಯಾಟಿಕ್. ಕಾಲಲ್ಲಿ ಗೇರ್ ಹಾಕ್ತೀರಿ, ಕ್ಲಚ್ ತಾನೇ ಬಿಡುತ್ತೆ. ಮೂರನೆಯದು ಬೆಲ್ಟ್ ಗಾಡಿ, ಅಂದರೆ ಸಿವಿಟಿ. ಅದರಲ್ಲಿ ಹೈ, ಲೋ, ರಿವರ್ಸ್ ಇರುತ್ತೆ ಅಷ್ಟೆ, ಒಂದು ಎರಡು ಮೂರು ಅಂತ ಗೇರ್ ಇಲ್ಲ.

ಬೆಲ್ಟ್ ಗಾಡಿಯವರಿಗೆ ಇಲ್ಲಿ ಹೆಚ್ಚು ಕೆಲಸ ಇಲ್ಲ. ತಿರುಗಿಸಿ ಸರಿ ಮಾಡುವ ಕ್ಲಚ್ ಸ್ಕ್ರೂ ಅದರಲ್ಲಿ ಇಲ್ಲ. ಅಲ್ಲಿ ಸಮಸ್ಯೆ ಅಂದರೆ ಬೆಲ್ಟ್, ಪುಲ್ಲಿಯ ಸ್ಪ್ರಿಂಗ್, ರೋಲರ್ ಅಥವಾ ವೇಟ್‌ಗಳ ಕಡೆ ನೋಡಬೇಕು. ನೀರಲ್ಲಿ ಇಳಿಸಿದ ಮೇಲೆ ಜಾರ್ತಿದ್ದರೆ ಬೆಲ್ಟ್ ಕವರ್ ಒಳಗೆ ನೀರು ಹೋಗಿರುತ್ತೆ, ಕವರ್‌ನ ಡ್ರೇನ್ ಪ್ಲಗ್ ಬಿಚ್ಚಿ ನೀರು ಇಳಿಸಿ ಒಣಗಿಸಿ.

ಇನ್ನೊಂದು ಮಾತು. ಸೆಮಿ ಆಟೋಮ್ಯಾಟಿಕ್ ಗಾಡಿಯ ಎಡಗೈ ಲಿವರ್ ನೋಡಿ ಅದೇ ಕ್ಲಚ್ ಅಂದುಕೊಳ್ಳುವವರು ತುಂಬಾ ಜನ. ಅದು ಸಾಮಾನ್ಯವಾಗಿ ಹಿಂದಿನ ಬ್ರೇಕ್. ಅದರ ಕೇಬಲ್ ಎಳೆದು ಬಿಗಿ ಮಾಡಿದರೆ ಕ್ಲಚ್ ಸರಿಯಾಗಲ್ಲ, ಬ್ರೇಕ್ ಹಿಡಿದುಕೊಂಡು ಕೂರುತ್ತೆ.

ಮೊದಲು ಸೆಮಿ ಆಟೋಮ್ಯಾಟಿಕ್. ಜನ ಜಾಸ್ತಿ ಕೆಡಿಸಿಕೊಳ್ಳೋದು ಇದನ್ನೇ. ಹೋಂಡಾದಂಥ ಗಾಡಿಗಳಲ್ಲಿ ಒಳಗೆ ಎರಡು ಕ್ಲಚ್ ಇರುತ್ತವೆ ಅನ್ನೋದು ತಲೆಯಲ್ಲಿರಲಿ. ಒಂದು ಸೆಂಟ್ರಿಫ್ಯೂಗಲ್, ಎಂಜಿನ್ ವೇಗ ಏರಿದಾಗ ಶೂಗಳು ಹೊರಗೆ ಅಗಲಿ ಡ್ರಮ್ಮನ್ನು ಹಿಡಿಯುತ್ತವೆ. ಇನ್ನೊಂದು ಪ್ಲೇಟ್‌ಗಳಿರುವ ಚೇಂಜ್ ಕ್ಲಚ್, ನೀವು ಗೇರ್ ಪೆಡಲ್ ಒತ್ತಿದಾಗ ಬಿಡೋದು ಇದು. ಹೊರಗೆ ಕಾಣುವ ಅಡ್ಜಸ್ಟಿಂಗ್ ಸ್ಕ್ರೂ ಎರಡನೆಯದಕ್ಕೆ ಮಾತ್ರ ಸಂಬಂಧಪಟ್ಟದ್ದು. ಹಾಗಾಗಿ ಗೇರಲ್ಲಿ ನಿಲ್ಲಿಸಿದಾಗ ಗಾಡಿ ಸುಮ್ನೆ ಮುಂದೆ ತೆವಳ್ತಿದ್ದರೆ ಆ ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಆಗಲ್ಲ. ಐಡ್ಲಿಂಗ್ ಜಾಸ್ತಿ ಇರಬೇಕು, ಇಲ್ಲವೇ ಶೂಗಳ ಸ್ಪ್ರಿಂಗ್ ಸೋತಿರಬೇಕು. ಇಂಥ ಎಂಜಿನ್‌ಗಳಲ್ಲಿ ಐಡ್ಲಿಂಗ್ ಸಾಧಾರಣವಾಗಿ 1400 ಆರ್‌ಪಿಎಂ ಆಸುಪಾಸು ಇರುತ್ತೆ. ಮೊದಲು ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಅದನ್ನು ಸರಿ ಮಾಡಿ. ನ್ಯೂಟ್ರಲ್‌ನಿಂದ ಫಸ್ಟ್‌ಗೆ ಹಾಕುವಾಗ ಗಾಡಿ ಜಿಗಿಯೋದು ಎಷ್ಟೋ ಸಲ ಇಷ್ಟಕ್ಕೇ ನಿಂತುಹೋಗುತ್ತೆ.

ಸ್ಕ್ರೂ ಮುಟ್ಟಬೇಕೋ ಬೇಡವೋ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ಬಯಲಲ್ಲಿ ಗಾಡಿ ನಿಲ್ಲಿಸಿ, ಮುಂದೆ ಯಾರೂ ಇರಬಾರದು. ಗೇರ್ ಹಾಕಿ, ಆದರೆ ಪೆಡಲ್ ಮೇಲಿನ ಕಾಲು ತೆಗೀಬೇಡಿ, ಒತ್ತಿಯೇ ಇರಿ. ಈಗ ಆಕ್ಸಿಲರೇಟರ್ ತುಸು ಕೊಡಿ. ಗಾಡಿ ಅಲ್ಲಾಡಬಾರದು. ಎಳೆದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತ ಅರ್ಥ, ಸ್ಕ್ರೂ ಸಡಿಲ ಇದೆ. ಗೇರ್ ಬದಲಿಸುವಾಗ ಪ್ರತಿ ಸಲ ‘ಟಕ್’ ಅಂತ ಗಟ್ಟಿ ಸದ್ದು ಬರೋದೂ ಇದರದೇ ಲಕ್ಷಣ. ಆಕ್ಸಿಲರೇಟರ್ ಬಿಟ್ಟ ಮೇಲೇ ಪೆಡಲ್ ಬಿಡಿ, ಇಲ್ಲಾಂದ್ರೆ ಮುಂದಿನ ಚಕ್ರ ಮೇಲೆದ್ದೀತು.

ಈಗ ಕೆಲಸ. ಎಂಜಿನ್ ಆಫ್, ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್, ಕವರ್ ಆರಿರಬೇಕು. ಕ್ಲಚ್ ಕವರ್ ಮೇಲೆ ನಟ್ ಒಂದು, ಅದರ ನಡುವೆ ಸೀಳು ಇರುವ ಸ್ಕ್ರೂ ಕಾಣುತ್ತೆ. ಕೆಲವು ಮಾಡೆಲ್‌ಗಳಲ್ಲಿ ಮೇಲೊಂದು ಮುಚ್ಚಳ ಇರುತ್ತೆ. ಸುತ್ತ ಮಣ್ಣು ಒರೆಸಿ. ಈಗಿರುವ ಜಾಗಕ್ಕೆ ಪೇಂಟ್‌ನಿಂದ ಒಂದು ಗೆರೆ ಹಾಕಿಡಿ, ಕೆಟ್ಟರೆ ವಾಪಸ್ ಬರೋಕೆ ದಾರಿ ಬೇಕಲ್ವಾ. ರಿಂಗ್ ಸ್ಪ್ಯಾನರ್‌ನಿಂದ ಲಾಕ್ ನಟ್ ಸಡಿಲಿಸಿ, ಪೂರ್ತಿ ಬಿಚ್ಚೋದು ಬೇಡ.

ಹೋಂಡಾದ ಸುಮಾರು ಮಾಡೆಲ್‌ಗಳಲ್ಲಿ ಕ್ರಮ ಹೀಗಿದೆ: ಸ್ಕ್ರೂವನ್ನು ನಿಧಾನಕ್ಕೆ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸುತ್ತಾ ಹೋಗಿ, ಕೈಗೆ ಬಿಗಿ ತಾಗಿದ ಕೂಡಲೇ ನಿಲ್ಲಿಸಿ, ಅಲ್ಲಿಂದ ಬಲಕ್ಕೆ ಕಾಲು ಸುತ್ತು ಬನ್ನಿ. ಬೇರೆ ಕಂಪನಿಯ ಎಂಜಿನ್‌ಗಳಲ್ಲಿ ದಿಕ್ಕೂ ಬೇರೆ ಇರಬಹುದು, ವಾಪಸ್ ಬರುವ ಅಳತೆಯೂ ಬೇರೆ ಇರಬಹುದು, ಹಾಗಾಗಿ ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡದೆ ತಿರುಗಿಸಬೇಡಿ. ‘ಬಿಗಿ’ ಅಂದರೆ ಎರಡು ಬೆರಳಲ್ಲಿ ಸ್ಕ್ರೂ ಡ್ರೈವರ್ ಹಿಡಿದಾಗ ಸಲೀಸಾಗಿ ಬರ್ತಿದ್ದದ್ದು ಒಮ್ಮೆಲೇ ಭಾರ ಆಗುತ್ತಲ್ಲ, ಅದು. ಮುಷ್ಟಿಯಲ್ಲಿ ಹಿಡಿದು ತಿರುಗಿಸಿದರೆ ಆ ಜಾಗ ತಿಳಿಯೋದೇ ಇಲ್ಲ, ದಾಟಿ ಹೋಗ್ತೀರಿ. ಆ ಕಾಲು ಸುತ್ತಿನ ಸಡಿಲ ಬಿಡದೇ ಇದ್ದರೆ ಪ್ಲೇಟ್‌ಗಳು ಯಾವಾಗಲೂ ಅರ್ಧ ಬಿಟ್ಟ ಹಾಗೇ ಇರುತ್ತವೆ, ಜಾರಿ ಜಾರಿ ಸುಟ್ಟುಹೋಗುತ್ತವೆ.

ಕೊನೆಗೆ ಲಾಕ್ ನಟ್. ಸೆಟ್ಟಿಂಗ್ ಹಾಳಾಗೋದು ಹೆಚ್ಚಾಗಿ ಈ ಹಂತದಲ್ಲಿ. ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಜೊತೆಗೇ ತಿರುಗುತ್ತೆ. ಒಂದು ಕೈಯಲ್ಲಿ ಸ್ಕ್ರೂ ಡ್ರೈವರ್ ಅಲ್ಲಾಡದಂತೆ ಹಿಡಿದು ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸಿ. ಆಮೇಲೆ ಸ್ಕ್ರೂವಿನ ಸೀಳು ನೀವು ಬಿಟ್ಟ ಕಡೆಗೇ ಮುಖ ಮಾಡಿದೆಯಾ ನೋಡಿ. ಮೊದಲಿನ ಪರೀಕ್ಷೆ ಮತ್ತೊಮ್ಮೆ ಮಾಡಿ.

ಕ್ಲಚ್ ಲಿವರ್ ಇರುವ ಗಾಡಿಯಲ್ಲಿ ನೋಡಬೇಕಾದ್ದು ಲಿವರ್‌ನ ಪ್ಲೇ, ಅಂದರೆ ಭಾರ ತಾಗುವ ಮೊದಲು ಲಿವರ್ ಸಡಿಲವಾಗಿ ಓಡಾಡುವ ದೂರ. ಲಿವರ್ ತುದಿಯನ್ನು ಒಂದು ಬೆರಳಿಂದ ಎಳೆಯಿರಿ, ಭಾರ ತಾಗುವ ತನಕ ಎಷ್ಟು ದೂರ ಬಂತು ಅಂತ ಸ್ಕೇಲ್ ಇಟ್ಟು ಅಳೆಯಿರಿ. ಹಲವು ಗಾಡಿಗಳಲ್ಲಿ 10 ರಿಂದ 20 ಎಂಎಂ ಕೇಳ್ತಾರೆ, ಕೆಲವದರಲ್ಲಿ ಇನ್ನೂ ಕಡಿಮೆ. ಪ್ಲೇ ಕಡಿಮೆಯಾದರೆ ಕ್ಲಚ್ ಜಾರುತ್ತೆ. ಜಾಸ್ತಿಯಾದರೆ ಪೂರ್ತಿ ಬಿಡಲ್ಲ, ನ್ಯೂಟ್ರಲ್ ಸಿಗೋದಕ್ಕೆ ಒದ್ದಾಡ್ತೀರಿ. ಲಿವರ್ ಬುಡದ ಅಡ್ಜಸ್ಟರ್ ಹೊರಗೆ ಬರುವ ಹಾಗೆ ತಿರುಗಿಸಿದರೆ ಪ್ಲೇ ಕಡಿಮೆಯಾಗುತ್ತೆ, ಒಳಗೆ ಹಾಕಿದರೆ ಜಾಸ್ತಿ. ಆದರೆ ಅದು ತುಂಬಾ ಹೊರಗೆ ಬಂದಿದ್ದರೆ ಹಿಡಿದಿರೋದು ಎರಡು ಮೂರು ಎಳೆ ಥ್ರೆಡ್ ಮಾತ್ರ, ಒಂದು ಪೆಟ್ಟಿಗೆ ಮುರಿಯುತ್ತೆ. ಆಗ ಅದನ್ನು ಪೂರ್ತಿ ಒಳಗೆ ಹಾಕಿ ಒಂದೆರಡು ಸುತ್ತು ಮಾತ್ರ ಹೊರಗೆ ತಂದು, ಉಳಿದದ್ದನ್ನು ಎಂಜಿನ್ ಕಡೆಯ ಅಡ್ಜಸ್ಟರ್‌ನಲ್ಲಿ ಸರಿ ಮಾಡಿ. ಲಾಕ್ ರಿಂಗ್, ಅಡ್ಜಸ್ಟರ್, ಲಿವರ್ ಹೋಲ್ಡರ್ ಮೂರರ ಸೀಳುಗಳೂ ಒಂದೇ ಗೆರೆಯಲ್ಲಿ ಇರದಂತೆ ಬಿಡಿ, ಇಲ್ಲಾಂದ್ರೆ ಕೇಬಲ್ ಹೊರಗೆ ಜಾರಬಹುದು. ಆಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಪ್ಲೇ ನೋಡಿ. ಒಂದು ಕಡೆಗೆ ತಿರುಗಿಸಿದಾಗ ಬಿಗಿಯಾದರೆ ಕೇಬಲ್ ಹೋಗಿರುವ ದಾರಿ ತಪ್ಪು.

ಇಷ್ಟೆಲ್ಲ ಸರಿ ಮಾಡಿಯೂ ಜಾರ್ತಿದೆಯಾ? ಅಂದರೆ ಎಂಜಿನ್ ಕೂಗುತ್ತೆ, ವೇಗ ಏರಲ್ಲ. ಆಗ ಆಯಿಲ್ ಡಬ್ಬಿ ನೋಡಿ. ಈ ಕ್ಲಚ್‌ಗಳು ಆಯಿಲ್ ಒಳಗೇ ಮುಳುಗಿರುತ್ತವೆ, ‘ಜಾಸೊ ಎಂಎ’ ಅಂತ ಬರೆದಿರುವ ಆಯಿಲೇ ಬೇಕು. ಕಾರಿನ ‘ಎನರ್ಜಿ ಕನ್ಸರ್ವಿಂಗ್’ ಆಯಿಲ್ ಹಾಕಿದ್ದರೆ ಪ್ಲೇಟ್ ಜಾರೋದರಲ್ಲಿ ಆಶ್ಚರ್ಯ ಇಲ್ಲ. ಆಯಿಲೂ ಸರಿ ಇದ್ದರೆ ಪ್ಲೇಟ್ ಸವೆದಿದೆ, ಸ್ಕ್ರೂ ಇನ್ನಷ್ಟು ತಿರುಗಿಸಿ ಪ್ರಯೋಜನ ಇಲ್ಲ, ಕವರ್ ಬಿಚ್ಚಿ ಅಳೆಯಬೇಕು. ತಣ್ಣಗಿರುವ ಎಂಜಿನ್‌ನಲ್ಲಿ ಮೊದಲ ಗೇರ್‌ಗೆ ಗಾಡಿ ತುಸು ಜಗ್ಗಿದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಆಯಿಲ್ ಮಂದ ಇರುವಾಗ ಪ್ಲೇಟ್‌ಗಳು ಅಂಟಿಕೊಂಡಿರುತ್ತವೆ, ಬಿಸಿಯಾದ ಮೇಲೆ ಹೋಗುತ್ತೆ.

ಕೇಬಲ್ ಹೊಸದು ಹಾಕಿದ್ದರೆ ಒಂದೆರಡು ಸಲ ಓಡಿಸಿದ ಮೇಲೆ ಪ್ಲೇ ಮತ್ತೆ ಅಳೆಯಿರಿ, ಶುರುವಿನಲ್ಲಿ ಅದು ಸ್ವಲ್ಪ ಸಡಿಲ ಆಗಿಯೇ ಆಗುತ್ತೆ.