ಲಾರಿಗೆ ಬೇರೆ ಗೇರ್‌ಬಾಕ್ಸ್ ಹುಡುಕಿದಾಗ ನಾನು ಕಲಿತದ್ದು

ಮುಂದಿನ ಆಕ್ಸಲ್‌ಗೂ ಎಳೆತ ಇರುವ ಹಳೇ ಲಾರಿ ನನ್ನದು. ಅದರ 5 ಗೇರಿನ ಬಾಕ್ಸ್‌ನ ಹೌಸಿಂಗೇ ಬಿರುಕು ಬಿಟ್ಟಿತು. ಅದೇ ಮಾದರಿಯ ಬಾಕ್ಸ್ ಒಳ್ಳೇ ಸ್ಥಿತಿಯಲ್ಲಿ ಸಿಗಲಿಲ್ಲ. ಸರಿ, ಟಾಪ್ ಗೇರ್‌ನಲ್ಲಿ ಓವರ್‌ಡ್ರೈವ್ (ಬಾಕ್ಸ್‌ನಿಂದ ಹೊರಬರುವ ಶಾಫ್ಟ್ ಇಂಜಿನ್‌ಗಿಂತ ಜೋರಾಗಿ ತಿರುಗುವ ಗೇರ್) ಇರುವ 6 ಗೇರಿನದ್ದನ್ನೇ ಹಾಕೋಣ ಅಂದುಕೊಂಡೆ.

ಆಸೆಗೆ ಕಾರಣ ಇತ್ತು. ಆಕ್ಸಲ್ ರೇಶಿಯೋ 6.5, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 6.5 ಸುತ್ತು ತಿರುಗಬೇಕು; ಟೈರ್ ಒಂದು ಸುತ್ತಿಗೆ ಹೋಗುವ ದೂರ ಸುಮಾರು 3.3 ಮೀಟರ್. ಟಾಪ್ ಗೇರ್ 1:1 ಇದ್ದಾಗ 2200 ಆರ್‌ಪಿಎಂನಲ್ಲಿ ವೇಗ ಗಂಟೆಗೆ 67 ಕಿ.ಮೀ. ಅಷ್ಟೇ. ಓವರ್‌ಡ್ರೈವ್ 0.8 ಆದರೆ ಅದೇ ಆರ್‌ಪಿಎಂನಲ್ಲಿ 84 ಬರುತ್ತದೆ. 67ರಲ್ಲೇ ಹೋದರೆ ಇಂಜಿನ್ ಅಷ್ಟು ಚೀರಾಡುವುದೂ ಇಲ್ಲ.

ಆದರೆ ನಾನು ಟಾಪ್ ಗೇರ್ ಮಾತ್ರ ನೋಡಿದ್ದೆ, ಫಸ್ಟ್ ಗೇರ್ ನೋಡಿರಲಿಲ್ಲ. ಹಳೇ ಬಾಕ್ಸ್‌ನ ಫಸ್ಟ್ ಗೇರ್ ರೇಶಿಯೋ 7, ಹೊಸದರದ್ದು 9. ಇಂಜಿನ್ ಟಾರ್ಕ್ (ತಿರುಗಿಸುವ ಬಲ) 500 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಹಿಂದೆ ಕೂತು ಮುಂದಿನ, ಹಿಂದಿನ ಆಕ್ಸಲ್ ಎರಡಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಹೋಗುವುದು ಇಂಜಿನ್ ಟಾರ್ಕ್ ಅಲ್ಲ, ಫಸ್ಟ್ ಗೇರ್‌ನಲ್ಲಿ ಗುಣಿಸಿ ಬಂದ ಟಾರ್ಕ್. ಮೊದಲು 3500 ಹೋಗುತ್ತಿತ್ತು, ಈಗ 4500. ನನ್ನ ಟ್ರಾನ್ಸ್‌ಫರ್ ಕೇಸ್ ತಾಳುವುದು 4000. ಲೋಡ್ ಹಾಕಿ ಏರಿನಲ್ಲಿ ಕ್ಲಚ್ ಬಿಟ್ಟ ದಿನ ಹಲ್ಲು ಕಿತ್ತುಬರುತ್ತಿತ್ತು, ಅಲ್ವಾ? ಹಾಗಾಗಿ ಅದನ್ನೂ ಬದಲಿಸಬೇಕಾಯಿತು. ಲೋ ರೇಶಿಯೋ 2 ಇರುವುದನ್ನು, ಅಂದರೆ ಲೋಗೆ ಹಾಕಿದರೆ ವೇಗ ಅರ್ಧಕ್ಕೆ ಇಳಿಯುವಂಥದ್ದನ್ನು ಆರಿಸಿದೆ. ಲೋನಲ್ಲಿ ಫಸ್ಟ್ ಗೇರ್ ಹಾಕಿ 800 ಆರ್‌ಪಿಎಂನಲ್ಲಿ ಬಿಟ್ಟರೆ ಗಂಟೆಗೆ 1.4 ಕಿ.ಮೀ. ಕೂಡ ದಾಟುವುದಿಲ್ಲ, ಕೆಸರಿನಲ್ಲಿ ನನಗೆ ಬೇಕಾದದ್ದು ಇದೇ.

ಟ್ರಾನ್ಸ್‌ಫರ್ ಕೇಸ್ ಕೊಳ್ಳುವಾಗ ಮುಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್ ಯಾವ ಕಡೆ ಹೊರಬರುತ್ತದೆ ಅಂತ ಮೊದಲು ನೋಡಿ. ಅದು ನಿಮ್ಮ ಮುಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಇರುವ ಕಡೆಗೇ ಇರಬೇಕು. ಇದು ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದರೂ ಪ್ರಯೋಜನ ಇಲ್ಲ.

ಗೇರ್‌ಬಾಕ್ಸನ್ನು ಇಂಜಿನ್‌ಗೆ ಜೋಡಿಸುವ, ಕ್ಲಚ್ ಮುಚ್ಚುವ ಬೆಲ್ ಹೌಸಿಂಗ್ ವಿಷಯಕ್ಕೆ ಬಂದರೆ, ಬೋಲ್ಟ್ ಎಣಿಸಿ ನಂಬಬೇಡಿ. ಎಸ್‌ಎಇ 1, ಎಸ್‌ಎಇ 2 ಅಂತ ಅದಕ್ಕೆ ಸ್ಟ್ಯಾಂಡರ್ಡ್ ಅಳತೆಗಳಿವೆ, ಎರಡಕ್ಕೂ 12 ಬೋಲ್ಟೇ. ಆದರೆ ಬೋಲ್ಟ್ ವೃತ್ತದ ಅಳತೆ ಮೊದಲನೆಯದಕ್ಕೆ 530 ಮಿ.ಮೀ., ಎರಡನೆಯದಕ್ಕೆ 467. ಕ್ಲಚ್ ಪ್ಲೇಟ್ ಕೂರುವ ಇನ್‌ಪುಟ್ ಶಾಫ್ಟ್ ವಿಷಯವೂ ಹಾಗೇ, ಹಲ್ಲಿನ ಎಣಿಕೆ ಒಂದೇ ಇದ್ದು ದಪ್ಪ ಬೇರೆ ಇರಬಹುದು. ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಶಾಫ್ಟ್ ಮೇಲೆ ಜಾರಿಸಿ ನೋಡಿ.

ನನ್ನ ಹೊಸ ಬಾಕ್ಸ್ ಹಳೆಯದಕ್ಕಿಂತ ಒಂದು ಗೇಣು ಉದ್ದ. ಟ್ರಾನ್ಸ್‌ಫರ್ ಕೇಸ್ ಅಷ್ಟೇ ಹಿಂದೆ ಸರಿಯಿತು. ಮುಂದಿನ ಶಾಫ್ಟ್ ಉದ್ದವಾಗಿ ಅದರ ಓರೆ ಕಮ್ಮಿಯಾಯಿತು, ಹಿಂದಿನದು ಗಿಡ್ಡವಾಗಿ ಓರೆ ಜಾಸ್ತಿಯಾಯಿತು. ಮೊದಲ ಓಟದಲ್ಲೇ ನಡುಕ ಬಂತು. ಬಿಚ್ಚಿ ನೋಡಿದರೆ ಹಿಂದಿನ ಶಾಫ್ಟ್‌ನ ಎರಡು ತುದಿಯ ಯು ಜಾಯಿಂಟ್‌ಗಳ (ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು) ಕೋನ ಒಂದೇ ಸಮ ಇರಲಿಲ್ಲ. ಟ್ರಾನ್ಸ್‌ಫರ್ ಕೇಸ್‌ನ ಬ್ರಾಕೆಟ್ ಕೆಳಗೆ ತಗಡು ಕೊಟ್ಟು ಎರಡೂ ಕೋನ ಸಮ ಮಾಡಿದ ಮೇಲೆ ನಡುಕ ನಿಂತಿತು.

500 ಕಿ.ಮೀ. ಓಡಿಸಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡರ ಆಯಿಲನ್ನೂ ಇಳಿಸಿದೆ. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ಸಣ್ಣ ಪುಡಿ ಮಾತ್ರ ಅಂಟಿತ್ತು, ಒಂದೂ ಚೂರು ಇರಲಿಲ್ಲ.